ಗೋಡೆಯ ಮೇಲಿನ ಶಿಲುಬೆ, ಪ್ರಾಸ್ಪೆಕ್ಟಸ್‌ನಲ್ಲಿರುವ ವಿದೇಶ: ಮಗಳನ್ನು ಸೇರಿಸಬಹುದಾ?

ಪ್ರಶ್ನೆ: ನಾವು ಕಾಮಾಕ್ಷಿಪಾಳ್ಯದವರು. ಸಣ್ಣದೊಂದು ಬೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇವೆ. ಮಗಳು ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ, ಒಳ್ಳೆ ಅಂಕ ಬಂದಿದೆ. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಈಗ ಬೆಂಗಳೂರಿನದೇ ಒಂದು ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಬಿ.ಎ. ಸೀಟು ಸಿಕ್ಕಿದೆ. ನಾವು ಹೋದ ದಿನ ಪ್ರಾರ್ಥನೆಯಿಂದಲೇ ಶುರು ಮಾಡಿದರು. ಪ್ರತಿ ಕ್ಲಾಸಿನಲ್ಲೂ ಶಿಲುಬೆ ಇದೆ. ಕೊಟ್ಟ ಪುಸ್ತಕದ ಮೊದಲ ಪುಟದಲ್ಲೇ 'ಮಿಷನ್' ಅಂತ ದೊಡ್ಡದಾಗಿ ಬರೆದಿದೆ. ಅದನ್ನು ಕೇಳಿ ನಮ್ಮತ್ತೆ ಊಟ ಬಿಟ್ಟು ಕೂತಿದ್ದಾರೆ. ಹುಡುಗಿಯನ್ನು ಮತಾಂತರ ಮಾಡ್ತಾರೆ ಅನ್ನೋದು ಅವರ ಭಯ. ನಮ್ಮ ಯಜಮಾನರ ಚಿಂತೆ ಬೇರೆ. ಹತ್ತಾರು ವಿದೇಶಿ ವಿ.ವಿ.ಗಳ ಜೊತೆ ಒಪ್ಪಂದ ಇದೆ, ಮೂರನೇ ವರ್ಷ ಒಂದು ಸೆಮಿಸ್ಟರ್ ಯುರೋಪಿನಲ್ಲಿ ಓದಬಹುದು ಅಂದಿದ್ದಾರೆ. ಅದಕ್ಕೆ ಲಕ್ಷಗಟ್ಟಲೆ ಬೇಕಂತೆ. ಸೈಟು ಅಡ ಇಡೋದಾ ಅಂತ ಕೇಳ್ತಿದ್ದಾರೆ. ಈ ಡಿಗ್ರಿಗೆ ಮಾನ್ಯತೆ ಇದೆಯಾ? ಮಿಷನ್ ಅಂದ್ರೆ ನಿಜಕ್ಕೂ ಏನು? ಫಾರಿನ್ ಅನ್ನೋದು ನಿಜವಾ, ಬರೀ ಜಾಹೀರಾತಾ? ನಮ್ಮಂಥ ಮನೆಯ ಮಗು ಅಲ್ಲಿ ಹೊಂದಿಕೊಳ್ಳುತ್ತಾ? (ಹೆಸರು ಬೇಡ, ಒಬ್ಬ ತಾಯಿ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇದರಲ್ಲಿ ಎರಡು ಭಯ ಸೇರಿಕೊಂಡಿವೆ. ಈ ಸಂಸ್ಥೆ ಮಗಳಿಂದ ಏನನ್ನೋ ಕಿತ್ತುಕೊಳ್ಳುತ್ತದೆ ಅನ್ನುವುದು ಅತ್ತೆಯವರ ಭಯ. ಕೊಡ್ತೀವಿ ಅಂದದ್ದನ್ನು ಕೊಡದೇ ಹೋದರೆ ಅನ್ನುವುದು ಯಜಮಾನರದ್ದು. ನಾನು ಕಂಡ ಹೆಚ್ಚಿನ ಮನೆಗಳಲ್ಲಿ ಮೊದಲನೆಯದರ ಬಗ್ಗೆ ರಾತ್ರಿಯೆಲ್ಲ ಮಾತಾಗುತ್ತದೆ, ಎರಡನೆಯದನ್ನು ಯಾರೂ ಕೂತು ವಿಚಾರಿಸುವುದಿಲ್ಲ. ಆದರೆ ಮನೆಗೆ ಪೆಟ್ಟು ಬೀಳುವುದು ಎರಡನೆಯದರಿಂದಲೇ.

ನಾನು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. 27 ವರ್ಷ ಬೆಂಗಳೂರಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದ್ದೇನೆ, ಬಹುಪಾಲು ಕಥೋಲಿಕ ಕಾಲೇಜುಗಳಲ್ಲೇ. ಕೊನೆಯ 9 ವರ್ಷ ವಿದೇಶಿ ವಿ.ವಿ.ಗಳ ಜೊತೆಗಿನ ವ್ಯವಹಾರ ನೋಡುವ ಕಚೇರಿ ನನ್ನ ಕೈಯಲ್ಲಿತ್ತು. ನಾನು ಕ್ರೈಸ್ತಳಲ್ಲ. ಮನೆಯಲ್ಲಿ ಗೌರಿ ಕೂರಿಸುವವರು ನಾವು. ಅಷ್ಟೂ ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ಕೂತ ಮಕ್ಕಳಲ್ಲಿ ಕ್ರೈಸ್ತರು ಕಡಿಮೆ, ಬೇರೆಯವರೇ ಜಾಸ್ತಿ. ಕಾಲೇಜು ಒತ್ತಾಯ ಮಾಡಿ ಒಬ್ಬ ವಿದ್ಯಾರ್ಥಿಯ ಧರ್ಮ ಬದಲಿಸಿದ್ದನ್ನು ನಾನು ನೋಡಿಲ್ಲ.

ನನ್ನ ಮಾತೊಂದನ್ನೇ ನಂಬಿ ಅನ್ನುವುದಿಲ್ಲ. ನಮ್ಮ ಸಂವಿಧಾನದ 28ನೇ ವಿಧಿಯ ಮೂರನೇ ಉಪವಿಧಿ ಇದಕ್ಕೇ ಇರುವುದು. ಸರ್ಕಾರದ ಮಾನ್ಯತೆ ಇರುವ ಅಥವಾ ಸರ್ಕಾರದ ಅನುದಾನ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಅಲ್ಲಿ ಓದುವವರನ್ನು ಅವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ. ವಿದ್ಯಾರ್ಥಿಗೆ 18 ತುಂಬಿಲ್ಲದಿದ್ದರೆ ಆ ಒಪ್ಪಿಗೆಯನ್ನು ಪೋಷಕರು ಕೊಡಬೇಕು. ಅಂದರೆ 18 ತುಂಬುವವರೆಗೆ ನೀವು, ಆಮೇಲೆ ಅವಳು.

ಕಥೋಲಿಕರ ಸ್ವಂತ ನಿಯಮವೂ ಇದಕ್ಕೆ ಒಪ್ಪುತ್ತದೆ. ಅವರ ಧರ್ಮಸಭೆಯ ಕಾನೂನಿನಲ್ಲಿ, ಮನಸ್ಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಬಲವಂತದಿಂದ ಕಥೋಲಿಕರನ್ನಾಗಿ ಮಾಡಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ವಯಸ್ಸಿಗೆ ಬಂದವರು ದೀಕ್ಷಾಸ್ನಾನ, ಅಂದರೆ ಕ್ರೈಸ್ತರಾಗುವ ವಿಧಿ, ಪಡೆಯಬೇಕಾದರೆ ತಾವೇ ಬಯಸಿ ಬಂದಿರಬೇಕು, ಕಲಿಕೆಯ ಒಂದು ಅವಧಿಯನ್ನೂ ಮುಗಿಸಿರಬೇಕು. ಯಾರಿಗೂ ಗೊತ್ತಾಗದ ಹಾಗೆ ಒಂದು ಮಧ್ಯಾಹ್ನ ನಡೆದುಹೋಗುವ ಕೆಲಸ ಅಲ್ಲ ಅದು. 1965ರಲ್ಲಿ ಕಥೋಲಿಕ ಬಿಷಪ್ಪರ ಜಾಗತಿಕ ಸಭೆಯಾದ ಎರಡನೇ ವ್ಯಾಟಿಕನ್ ಮಹಾಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೇರೆ ಧರ್ಮಗಳಲ್ಲಿ ಸತ್ಯವಾಗಿ, ಪವಿತ್ರವಾಗಿ ಇರುವ ಯಾವುದನ್ನೂ ತಾವು ತಳ್ಳಿಹಾಕುವುದಿಲ್ಲ ಎಂದು ಘೋಷಿಸಿತು.

ಹಾಗಾದರೆ ದಿನನಿತ್ಯ ಅವಳು ಏನು ನೋಡ್ತಾಳೆ? ಬೆಳಿಗ್ಗೆ ಮೈಕಿನಲ್ಲಿ ಎರಡು ನಿಮಿಷ ಪ್ರಾರ್ಥನೆ, ಆಗ ಎದ್ದು ನಿಂತರೆ ಸಾಕು. ಸಮಾರಂಭಗಳಲ್ಲಿ ದೀಪ ಹಚ್ಚುತ್ತಾರೆ, ಬೈಬಲ್ಲಿನದೊಂದು ಸಾಲು ಓದುತ್ತಾರೆ. ಕೆಲವು ಕಡೆ ಗೀತೆಯ ಶ್ಲೋಕ, ಕುರಾನಿನ ಸಾಲನ್ನೂ ಓದಿಸುತ್ತಾರೆ. ವಾರಕ್ಕೊಂದು ಮೌಲ್ಯ ಶಿಕ್ಷಣದ ಕ್ಲಾಸು ಇರುತ್ತದೆ. ನಾನಿದ್ದ ಕಡೆ ಆ ಹೊತ್ತಿಗೆ ಕಥೋಲಿಕ ಮಕ್ಕಳು ಧರ್ಮೋಪದೇಶದ ಕ್ಲಾಸಿಗೆ ಹೋಗುತ್ತಿದ್ದರು. ಉಳಿದವರಿಗೆ ಬೇರೆ ಕೋಣೆಯಲ್ಲಿ ಸಿಟ್ಟು, ಸ್ನೇಹ, ಮೊಬೈಲು, ಮನೆ, ದುಡ್ಡು ಇಂಥ ವಿಷಯಗಳ ಮೇಲೆ ಮಾತುಕತೆ. ಬಲಿಪೂಜೆ, ಅಂದರೆ ಅವರ ಮಾಸ್ ಪ್ರಾರ್ಥನೆ, ಕಾಲೇಜಿನೊಳಗಿನ ಸಣ್ಣ ಚರ್ಚಾದ ಚಾಪೆಲ್‌ನಲ್ಲಿ ನಡೆಯುತ್ತದೆ, ಹೋಗುವವರು ಹೋಗುತ್ತಾರೆ.

ಒಂದು ದೃಶ್ಯ ನನ್ನ ಕಣ್ಣಲ್ಲೇ ಉಳಿದಿದೆ. ಸೆಮಿಸ್ಟರ್ ಪರೀಕ್ಷೆಯ ಬೆಳಿಗ್ಗೆ ಚಾಪೆಲ್ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಬೆಂಚಿನ ಮೇಲೆ ಕೂತವರಲ್ಲಿ ಕುಂಕುಮ ಇಟ್ಟವರು, ವಿಭೂತಿ ಹಚ್ಚಿದವರು, ತಲೆಗೆ ದುಪಟ್ಟಾ ಹೊದ್ದವರು ಎಲ್ಲರೂ ಇದ್ದರು. ಮಡಿಲಲ್ಲಿ ಹಾಲ್ ಟಿಕೆಟ್, ಪೆನ್ನು. ಐದು ನಿಮಿಷ ಕಣ್ಣು ಮುಚ್ಚಿ ಕೂತು, ಎದ್ದು, ಚಪ್ಪಲಿ ಹುಡುಕಿಕೊಂಡು ಪರೀಕ್ಷೆಗೆ ಓಡಿದರು. ಯಾರೂ ಯಾರನ್ನೂ ಕರೆದಿರಲಿಲ್ಲ. ನಿಮ್ಮ ಅತ್ತೆಯವರನ್ನೂ ಒಮ್ಮೆ ಮೆಲ್ಲಗೆ ಕೇಳಿ ನೋಡಿ. ಹಳೇ ಬೆಂಗಳೂರಿನವರಾದರೆ ಯಾವತ್ತಾದರೂ ಒಂದು ಗುರುವಾರ ವಿವೇಕನಗರದ ಬಾಲಯೇಸು ಗುಡಿಗೆ ಹೋಗಿ ಮೇಣದಬತ್ತಿ ಹಚ್ಚಿಯೇ ಇರುತ್ತಾರೆ. ಇಲ್ಲವೇ ಸೆಪ್ಟೆಂಬರಿನಲ್ಲಿ ಶಿವಾಜಿನಗರದ ಮೇರಿ ಹಬ್ಬ ನೋಡಿರುತ್ತಾರೆ. ಅವರ ಭಯವನ್ನು ಹಗುರವಾಗಿ ನೋಡಿ ಈ ಮಾತು ಹೇಳುತ್ತಿಲ್ಲ. ಅವರಿಗೆ ಗೊತ್ತಿರುವ ಜಾಗದಿಂದಲೇ ಮಾತು ಶುರುವಾಗಲಿ ಅಂತ ಅಷ್ಟೆ.

ಆದರೂ ಹಾಸ್ಟೆಲಿನಲ್ಲೋ, ಪ್ರಾರ್ಥನಾ ಕೂಟದಲ್ಲೋ ಯಾರಾದರೂ ಒತ್ತಾಯ ಮಾಡಿದರು ಅಂದುಕೊಳ್ಳಿ. ಅವರು ಯಾವ ಧರ್ಮದವರೇ ಆಗಿರಲಿ, ವಿಭಾಗದ ಮುಖ್ಯಸ್ಥರಿಗೆ ಅಥವಾ ದೂರು ಸಮಿತಿಗೆ ಬರಹದಲ್ಲಿ ಕೊಡಿ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ.

ಈಗ 'ಮಿಷನ್' ವಿಷಯ. ಅರ್ಧ ಗಾಬರಿಗೆ ಈ ಪದವೇ ಕಾರಣ. ನಮ್ಮ ಕಿವಿಗೆ ಮಿಷನ್ ಅಂದ ತಕ್ಷಣ ಮಿಷನರಿ ಅಂತಲೇ ಕೇಳಿಸುತ್ತದೆ. ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ ಕಳಿಸಿಕೊಡುವುದು, ಒಂದು ಕೆಲಸಕ್ಕೆಂದು ಒಬ್ಬರನ್ನು ನೇಮಿಸಿ ಕಳಿಸುವುದು. ರಾಮಕೃಷ್ಣ ಮಿಷನ್ನಿನಲ್ಲಿರುವುದೂ ಅದೇ ಪದ. ಈಗ ಬ್ಯಾಂಕು, ಸಾಫ್ಟ್‌ವೇರ್ ಕಂಪನಿ ಎಲ್ಲರೂ ತಮ್ಮ ಧ್ಯೇಯಕ್ಕೆ ಮಿಷನ್ ಅನ್ನುತ್ತಾರೆ.

ಹಾಗಂತ ಅದು ಸುಮ್ನೆ ಅಲಂಕಾರದ ಮಾತು ಅಂತಲೂ ತಿಳಿಯಬೇಡಿ. ಕಥೋಲಿಕ ವಿ.ವಿ.ಯಲ್ಲಿ ಆ ಪದಕ್ಕೆ ತೂಕ ಇದೆ. 1990ರ ಆಗಸ್ಟ್ 15ರಂದು ಪೋಪ್ ಎರಡನೇ ಜಾನ್ ಪಾಲ್ ಕಥೋಲಿಕ ವಿ.ವಿ.ಗಳಿಗೆಂದೇ ಒಂದು ಶಾಸನ ಹೊರಡಿಸಿದರು. 'ಎಕ್ಸ್ ಕೋರ್ದೆ ಎಕ್ಲೇಸಿಯೇ' ಅಂತ ಅದರ ಹೆಸರು, ಧರ್ಮಸಭೆಯ ಹೃದಯದಿಂದ ಅಂತ ಅರ್ಥ. ಕಥೋಲಿಕ ವಿ.ವಿ. ಅನ್ನಿಸಿಕೊಳ್ಳಲು ಏನೇನಿರಬೇಕು ಅಂತ ಅದು ಹೇಳುತ್ತದೆ. ಸಂಸ್ಥೆಗೆ ಕ್ರಿಸ್ತನ ಪ್ರೇರಣೆ ಇರಬೇಕು. ಬೆಳೆಯುವ ಜ್ಞಾನವನ್ನೆಲ್ಲ ನಂಬಿಕೆಯ ಬೆಳಕಿನಲ್ಲಿ ಯೋಚಿಸುತ್ತಿರಬೇಕು. ಧರ್ಮಸಭೆ ಸಾರುವ ಕ್ರೈಸ್ತ ಸಂದೇಶಕ್ಕೆ ನಿಷ್ಠೆ ಇರಬೇಕು. ಜನರ ಸೇವೆಗೆ ಸಂಸ್ಥೆಯಾಗಿಯೇ ಕಟ್ಟುಬೀಳಬೇಕು. ಅದೇ ಶಾಸನ ಇನ್ನೊಂದು ಮಾತನ್ನೂ ಸೇರಿಸುತ್ತದೆ: ಅಲ್ಲಿರುವ ಪ್ರತಿಯೊಬ್ಬರ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಪೂರ್ತಿಯಾಗಿ ಗೌರವಿಸಬೇಕು.

ಆದ್ದರಿಂದ ಅದು ಧರ್ಮದ ಹಂಗೇ ಇಲ್ಲದ ಜಾಗ ಅಂತ ನಾನು ಹೇಳಲಾರೆ. ಅವರೂ ಹಾಗೆ ಹೇಳಿಕೊಳ್ಳುವುದಿಲ್ಲ. ನಮಗೆ ಇದು ಹೊಸದೇನಲ್ಲ, ಅಲ್ವಾ? ಸಿದ್ಧಗಂಗೆಯಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳು ಸಾಮೂಹಿಕ ಪ್ರಾರ್ಥನೆಗೆ ಕೂರುತ್ತಾರೆ, ಅಲ್ಲೇ ಉಣ್ಣುತ್ತಾರೆ, ಓದುತ್ತಾರೆ. ಅದು ಮಠ ಅನ್ನುವುದನ್ನು ಯಾರೂ ಮುಚ್ಚಿಡುವುದಿಲ್ಲ. ಮಕ್ಕಳ ಧರ್ಮವನ್ನೂ ಯಾರೂ ಕೆದಕುವುದಿಲ್ಲ. ಕಥೋಲಿಕ ಸಂಸ್ಥೆಯನ್ನೂ ಆ ಕಣ್ಣಿನಿಂದ ನೋಡಿದರೆ ಬೇಗ ಅರ್ಥವಾಗುತ್ತದೆ.

ಅವರೆಲ್ಲ ಒಂದೇ ಅಂತಲೂ ಅಲ್ಲ. ಎಲ್ಲವನ್ನೂ ರೋಮ್ ನಡೆಸುತ್ತದೆ ಅನ್ನುವುದು ತಪ್ಪು ಕಲ್ಪನೆ. ಬೇರೆ ಬೇರೆ ಸನ್ಯಾಸಿ ಸಂಘಗಳು ಬೇರೆ ಬೇರೆ ಸಂಸ್ಥೆ ನಡೆಸುತ್ತವೆ, ಒಂದೊಂದಕ್ಕೂ ಒಂದೊಂದು ಗುಣ ಇದೆ. ಸೇಂಟ್ ಜೋಸೆಫ್ಸ್ ಶುರುವಾದದ್ದು 1882ರಲ್ಲಿ, ಫ್ರಾನ್ಸಿನಿಂದ ಬಂದ ಪಾದ್ರಿಗಳಿಂದ. 1937ರಲ್ಲಿ ಅದು ಜೆಸ್ವಿಟರು ಅನ್ನುವ ಸಂಘದವರ ಕೈಗೆ ಬಂತು, 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಹೊಸೂರು ರಸ್ತೆಯ ಕ್ರೈಸ್ಟ್ ಅನ್ನು 1969ರಲ್ಲಿ ಕಟ್ಟಿದವರು ಕೇರಳದ ಸಿ.ಎಂ.ಐ. ಸಂಘದವರು. 2008ರಲ್ಲಿ ಅದು ಡೀಮ್ಡ್ ವಿ.ವಿ., ಅಂದರೆ ವಿ.ವಿ.ಗೆ ಸಮ ಅಂತ ಕೇಂದ್ರ ಸರ್ಕಾರ ಒಪ್ಪಿದ ಸಂಸ್ಥೆ ಆಯಿತು. ಮೌಂಟ್ ಕಾರ್ಮೆಲ್, ಜ್ಯೋತಿ ನಿವಾಸ್ ಸಿಸ್ಟರುಗಳು ನಡೆಸುವ ಕಾಲೇಜುಗಳು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜನ್ನು 1963ರಲ್ಲಿ ಶುರು ಮಾಡಿದವರು ಭಾರತದ ಕಥೋಲಿಕ ಬಿಷಪ್ಪರು.

ಸಿ.ಎಂ.ಐ. ಸಂಘದ ಸ್ಥಾಪಕರಲ್ಲಿ ಒಬ್ಬರಾದ ಚಾವರ ಕುರಿಯಾಕೋಸ್ ಅವರ ಕಥೆ ನನಗೆ ಬಹಳ ಇಷ್ಟ. 1846ರಲ್ಲಿ ಅವರು ಕೇರಳದ ಮಾನ್ನಾನಂನಲ್ಲಿ ಸಂಸ್ಕೃತ ಶಾಲೆ ತೆರೆದರು. 1864ರಲ್ಲಿ ಪ್ರತಿ ಚರ್ಚಿನ ಪಕ್ಕದಲ್ಲೂ ಒಂದು ಶಾಲೆ ಇರಲೇಬೇಕು ಅಂತ ಆಜ್ಞೆ ಮಾಡಿದರು. ಪಳ್ಳಿ ಅಂದರೆ ಚರ್ಚು, ಪಳ್ಳಿಕ್ಕೂಡಂ ಅಂದರೆ ಶಾಲೆ. ಕೇರಳದಲ್ಲಿ ಶಾಲೆಗೆ ಇವತ್ತೂ ಅದೇ ಹೆಸರು ಬಳಕೆಯಲ್ಲಿದೆ. ಮಿಷನ್ ಅಂದರೆ ನನಗೆ ನೆನಪಾಗುವುದು ಈ ಶಾಲೆಗಳು.

ಈಗ ನಿಮಗೆ ಬೇಕಾದ ಪರೀಕ್ಷೆ. ಒಂದು ಸಂಸ್ಥೆಯ ಮಿಷನ್ ನಿಜವೋ ಅಲ್ಲವೋ ಅಂತ ತಿಳಿಯಬೇಕಾದರೆ ಮೊದಲ ಪುಟ ಬಿಡಿ, ಫೀಸಿನ ಪುಟಕ್ಕೆ ಬನ್ನಿ. ಸೇವೆ ಅಂತ ಬರೆದುಕೊಂಡ ಮೇಲೆ ಫೀಸಿನ ಪಟ್ಟಿಯೂ ಅದಕ್ಕೆ ಉತ್ತರ ಕೊಡಬೇಕು. ಈ ಮಾತನ್ನು ನಾನು ಫಾದರುಗಳ ಎದುರೇ ಮೀಟಿಂಗಿನಲ್ಲಿ ಹೇಳಿದ್ದೇನೆ. ನಮ್ಮ ನಗರದ ಕಥೋಲಿಕ ಸಂಸ್ಥೆಗಳ ಮೇಲೆ ನನಗಿರುವ ದೊಡ್ಡ ತಕರಾರು ಇದೇ. ಬಡವರಿಗೆಂದು ಶುರುವಾದದ್ದು ಮೆಲ್ಲಮೆಲ್ಲಗೆ ಉಳ್ಳವರ ಜಾಗ ಆಗುತ್ತಿದೆ ಅನ್ನುವ ಮಾತು ಅವರ ಒಳಗೇ ಇದೆ. ಒಳ್ಳೆಯ ಫಾದರುಗಳಿಗೆ, ಸಿಸ್ಟರುಗಳಿಗೆ ಅದು ನೋವಿನ ವಿಷಯ.

ಆದ್ದರಿಂದ ಸಂಕೋಚ ಪಡದೆ ಕೇಳಿ. ಫ್ರೀಶಿಪ್, ಅಂದರೆ ಫೀಸಿನ ರಿಯಾಯಿತಿ, ಎಷ್ಟು ಮಕ್ಕಳಿಗೆ ಕೊಟ್ಟಿದ್ದೀರಿ? ಅರ್ಜಿ ಯಾವಾಗ ಹಾಕಬೇಕು? ಎರಡನೇ ವರ್ಷವೂ ಮುಂದುವರಿಯುತ್ತದಾ, ಅಂಕ ಕಡಿಮೆಯಾದರೆ ನಿಲ್ಲುತ್ತದಾ? ಕಂತಿನಲ್ಲಿ ಕಟ್ಟಬಹುದಾ? ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಕಾಲೇಜಿನವರು ಸಹಾಯ ಮಾಡುತ್ತಾರಾ? ಇದಕ್ಕೆಲ್ಲ ಆಫೀಸಿನಲ್ಲಿ ಕೂತವರು ಮುಖ ಕೊಟ್ಟು ಉತ್ತರಿಸಿದರೆ ಅರ್ಧ ಮಿಷನ್ ಅಲ್ಲೇ ಕಾಣುತ್ತದೆ. ವಿದ್ಯಾರ್ಥಿಗಳಿಂದ ಸೇವಾ ಕೆಲಸದ ಗಂಟೆಗಳನ್ನು ಎಲ್ಲಿ, ಹೇಗೆ ಮಾಡಿಸುತ್ತಾರೆ ಅಂತಲೂ ಕೇಳಿ. ಒಂದು ಭಾನುವಾರ ಸ್ಲಮ್ಮಿಗೆ ಹೋಗಿ ಫೋಟೊ ತೆಗೆಸಿಕೊಂಡು ಬರುವುದಕ್ಕೂ, ಒಂದೇ ಸರ್ಕಾರಿ ಶಾಲೆಗೆ ವರ್ಷವಿಡೀ ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಡಿಗ್ರಿಯ ಮಾನ್ಯತೆ ಸುಲಭದ ವಿಷಯ. ಬಿ.ಎ.ಗೆ ಬೆಲೆ ಬರುವುದು ವ್ಯಾಟಿಕನ್‌ನಿಂದಲ್ಲ. ಡೀಮ್ಡ್ ವಿ.ವಿ.ಯಾದರೆ 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 3ನೇ ಸೆಕ್ಷನ್ನಿನಿಂದ, ರಾಜ್ಯದ ವಿ.ವಿ.ಯಾದರೆ ವಿಧಾನಮಂಡಲದ ಕಾಯ್ದೆಯಿಂದ. ಯುಜಿಸಿ ವೆಬ್‌ಸೈಟಿನ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿ, ಮುಗಿಯಿತು. ಪೋಪ್ ಅಧಿಕಾರದಿಂದ ಕೊಡುವ ಡಿಗ್ರಿಗಳೇ ಬೇರೆ, ಅವು ದೇವತಾಶಾಸ್ತ್ರದಂಥ ವಿಷಯಗಳಿಗೆ. ಕ್ರೈಸ್ಟ್ ವಿ.ವಿ. ಪಕ್ಕದಲ್ಲೇ ಇರುವ ಧರ್ಮಾರಾಮ್ ವಿದ್ಯಾಕ್ಷೇತ್ರದಲ್ಲಿ ಅಂಥ ಕೋರ್ಸುಗಳಿವೆ. ಅಕ್ಕಪಕ್ಕದ ಎರಡು ಕಾಂಪೌಂಡು, ಎರಡು ಬೇರೆ ಲೋಕ.

ಇನ್ನು ವಿದೇಶ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಸೈಟಿನ ಮಾತು ಬಂದಿದೆ.

ಕಥೋಲಿಕ ಅನ್ನುವ ಪದದ ಗ್ರೀಕ್ ಮೂಲಕ್ಕೆ ಎಲ್ಲರನ್ನೂ ಒಳಗೊಂಡದ್ದು, ವಿಶ್ವವ್ಯಾಪಿ ಅಂತ ಅರ್ಥ. ಹೊರದೇಶದ ನಂಟು ಇವರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಬೆಲ್ಜಿಯಂನ ಲೂವೆನ್ ವಿ.ವಿ. 1425ರದ್ದು. ಮನಿಲಾದ ಸಾಂತೊ ತೋಮಾಸ್ 1611ರದ್ದು. ಟೋಕಿಯೋದ ಸೋಫಿಯಾ 1913ರದ್ದು. 1599ರಲ್ಲಿ ಜೆಸ್ವಿಟರು ತಮ್ಮ ಎಲ್ಲ ಶಾಲೆಗಳಿಗೂ ಒಂದೇ ಪಾಠಕ್ರಮ ಮಾಡಿದರು. ದೇಶ ಯಾವುದೇ ಆಗಿರಲಿ, ಅವರ ಶಾಲೆಗಳಲ್ಲಿ ಕಲಿಸುವ ಕ್ರಮ ಒಂದೇ. ಒಂದು ಕಡೆ ಓದಿ ಗಳಿಸಿದ ಕ್ರೆಡಿಟ್, ಅಂದರೆ ಓದಿನ ಅಳತೆಯ ಅಂಕ, ಇನ್ನೊಂದು ಕಡೆಯೂ ಲೆಕ್ಕಕ್ಕೆ ಬರುವುದನ್ನು ಈಗ ಕ್ರೆಡಿಟ್ ವರ್ಗಾವಣೆ ಅನ್ನುತ್ತೇವಲ್ಲ, ಅದರ ಅಜ್ಜ ಅದು. ಕಥೋಲಿಕ ವಿ.ವಿ.ಗಳದ್ದೇ ಒಂದು ಅಂತರರಾಷ್ಟ್ರೀಯ ಒಕ್ಕೂಟ ಇದೆ, ಇನ್ನೂರಕ್ಕೂ ಹೆಚ್ಚು ಸದಸ್ಯರು. ಜೆಸ್ವಿಟ್ ವಿ.ವಿ.ಗಳದ್ದೇ ಒಂದು ಜಾಗತಿಕ ಸಂಘ 2018ರಲ್ಲಿ ಸ್ಪೇನಿನ ಬಿಲ್ಬಾವೊದಲ್ಲಿ ಶುರುವಾಯಿತು. ಇಂಥ ನಂಟಿನಿಂದ ನಿಜವಾದ ಲಾಭ ಇದೆ. ಒಂದೇ ಸಂಘದ ಫಾದರೊಬ್ಬರು ಆ ಕಡೆ ಇದ್ದರೆ, ನಮ್ಮ ಹುಡುಗಿಗೆ ಅಲ್ಲಿ ಜ್ವರ ಬಂದಾಗ ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುವ ಜನ ಇರುತ್ತಾರೆ. ಇದನ್ನು ನಾನು ಕಂಡಿದ್ದೇನೆ.

ಇದು ಒಂದು ಮುಖ. ಇನ್ನೊಂದು ಮುಖ ಒಪ್ಪಂದದ ಫೈಲು. ವಿದೇಶದಿಂದ ನಾಲ್ಕು ಜನ ಬರುತ್ತಾರೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಎಂಒಯು ಅನ್ನುವ ಎರಡು ಪುಟದ ಒಪ್ಪಂದ ಪತ್ರಕ್ಕೆ ಸಹಿ, ಫೋಟೊ. ಆ ಎರಡು ಪುಟದಲ್ಲಿ ಇರುವುದಿಷ್ಟೇ: ಮುಂದೆ ಏನಾದರೂ ಒಟ್ಟಿಗೆ ಮಾಡುವ ಸಾಧ್ಯತೆಯನ್ನು ಇಬ್ಬರೂ ನೋಡೋಣ. ಎಷ್ಟು ಮಕ್ಕಳು, ಯಾವ ವಿಷಯ, ಯಾರ ಖರ್ಚು, ಯಾವುದೂ ಇಲ್ಲ. ನಾನು ಕಚೇರಿ ವಹಿಸಿಕೊಂಡಾಗ ಬೀರುವಿನಲ್ಲಿ ಇಂಥ ಫೈಲುಗಳ ಒಂದು ಸಾಲೇ ಇತ್ತು. ಹೆಚ್ಚಿನವುಗಳ ಅವಧಿ ಮುಗಿದಿತ್ತು. ಒಬ್ಬ ವಿದ್ಯಾರ್ಥಿಯೂ ಹೋಗಿರಲಿಲ್ಲ. ಆದರೂ ಆ ಹೆಸರುಗಳು ಪುಸ್ತಕದಲ್ಲಿ ಅಚ್ಚಾಗುತ್ತಲೇ ಇದ್ದವು. ಮೋಸ ಮಾಡಬೇಕು ಅಂತ ಯಾರೂ ಹಾಗೆ ಮಾಡಿರಲಿಲ್ಲ. ಆದರೆ ಅದನ್ನು ಓದುವ ತಂದೆತಾಯಿಗೆ ಅದು ಗೊತ್ತಾಗುವುದು ಹೇಗೆ?

ಆದ್ದರಿಂದ ಒಪ್ಪಂದ ಎಷ್ಟಿವೆ ಅಂತ ಕೇಳಬೇಡಿ. ಕಳೆದ ಎರಡು ವರ್ಷದಲ್ಲಿ ನನ್ನ ಮಗಳ ವಿಭಾಗದಿಂದ ಎಷ್ಟು ಜನ ಹೋದರು, ಎಲ್ಲಿಗೆ ಹೋದರು ಅಂತ ಕೇಳಿ. ಹೋಗಿ ಬಂದ ಒಬ್ಬ ವಿದ್ಯಾರ್ಥಿ ಜೊತೆ ಮಾತಾಡಿಸಿ ಅನ್ನಿ.

ಯಾವ ಬಗೆಯ ವ್ಯವಸ್ಥೆ ಅನ್ನುವುದು ಮುಂದಿನ ಪ್ರಶ್ನೆ. ವಿನಿಮಯ, ಅಂದರೆ ಎಕ್ಸ್‌ಚೇಂಜ್ ಆದರೆ, ಸಾಮಾನ್ಯವಾಗಿ ಅವಳು ಇಲ್ಲಿಯ ಫೀಸನ್ನೇ ಕಟ್ಟುತ್ತಾಳೆ, ಅಲ್ಲಿಯ ವಿ.ವಿ. ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ವಿಮಾನ, ವೀಸಾ, ವಿಮೆ, ವಸತಿ, ಊಟ ನಿಮ್ಮದು. ಫೀಸು ಕಟ್ಟಿ ಹೋಗುವ 'ಸ್ಟಡಿ ಅಬ್ರಾಡ್' ಬೇರೆ. ಅದರಲ್ಲಿ ಅಲ್ಲಿಯ ಬೋಧನಾ ಶುಲ್ಕವೂ ನಿಮ್ಮ ತಲೆಗೇ. ಹತ್ತು ದಿನದ ಪ್ರವಾಸವನ್ನೂ ಕೆಲವರು ಅಂತರರಾಷ್ಟ್ರೀಯ ಅನುಭವ ಅನ್ನುತ್ತಾರೆ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ನಿಲ್ಲಿಸಿ ಕೇಳಿ. ಯುರೋಪಿನ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಆಯ್ಕೆಯಾದರೆ ಪ್ರಯಾಣಕ್ಕೆ, ಅಲ್ಲಿ ಇರುವುದಕ್ಕೆ ದುಡ್ಡು ಸಿಗುತ್ತದೆ. ಆದರೆ ಅದು ಎರಡೂ ವಿ.ವಿ.ಗಳ ನಡುವೆ ಆ ಯೋಜನೆ ಜಾರಿಯಲ್ಲಿದ್ದರೆ ಮಾತ್ರ.

ಇದರ ಮೇಲೆ ಜಂಟಿ ಡಿಗ್ರಿಗಳಿವೆ. 2022ರಲ್ಲಿ ಯುಜಿಸಿ ಇದಕ್ಕೆ ನಿಯಮ ಮಾಡಿದೆ. ಟ್ವಿನಿಂಗ್ ಆದರೆ ಹೊರದೇಶದಲ್ಲಿ ಗಳಿಸುವ ಕ್ರೆಡಿಟ್ ಶೇ. 30 ದಾಟುವಂತಿಲ್ಲ, ಡಿಗ್ರಿ ಕೊಡುವುದು ಭಾರತದ ವಿ.ವಿ. ಜಾಯಿಂಟ್ ಡಿಗ್ರಿಯಲ್ಲಿ ಎರಡೂ ಕಡೆ ಕನಿಷ್ಠ ಶೇ. 30 ಓದಬೇಕು, ಪ್ರಮಾಣಪತ್ರ ಒಂದೇ. ಡ್ಯುಯಲ್ ಡಿಗ್ರಿಯಲ್ಲಿ ಎರಡು ಪ್ರಮಾಣಪತ್ರ, ಭಾರತದಲ್ಲಿ ಕನಿಷ್ಠ ಶೇ. 30 ಕ್ರೆಡಿಟ್ ಮುಗಿಸಿರಬೇಕು. ಆನ್‌ಲೈನ್, ದೂರಶಿಕ್ಷಣದ ಕೋರ್ಸುಗಳು ಈ ನಿಯಮದೊಳಗೆ ಬರುವುದಿಲ್ಲ. ನಿಮಗೆ ತೋರಿಸುತ್ತಿರುವುದು ಇದರಲ್ಲಿ ಯಾವುದು ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಕ್ರೆಡಿಟ್ ಅಂದೆನಲ್ಲ, ಜನ ಎಡವುವುದು ಅಲ್ಲೇ. ಯುರೋಪಿನಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್, ವರ್ಷಕ್ಕೆ 60. ನಮ್ಮ ಲೆಕ್ಕ ಬೇರೆ. ನನ್ನ ಕಚೇರಿಯಿಂದ ಬೆಲ್ಜಿಯಂಗೆ ಹೋಗಿಬಂದ ಹುಡುಗನೊಬ್ಬನ ಅಂಕಪಟ್ಟಿ ಇಲ್ಲಿಯ ಪರೀಕ್ಷಾ ವಿಭಾಗಕ್ಕೆ ಬಂತು. ಅವನು ಅಲ್ಲಿ ಚೆನ್ನಾಗಿಯೇ ಪಾಸಾಗಿದ್ದ. ಆದರೆ ಎರಡು ಪೇಪರುಗಳು ನಮ್ಮ ಸಿಲಬಸ್ಸಿಗೆ ಹೊಂದುವುದಿಲ್ಲ ಅಂದರು. ಹೋಗುವ ಮೊದಲೇ ಪೇಪರಿಗೆ ಪೇಪರು ಹೊಂದಿಸಿ ಎರಡೂ ಕಡೆ ಸಹಿ ಹಾಕಿಸಬೇಕಿತ್ತು. ಅದಕ್ಕೆ ಲರ್ನಿಂಗ್ ಅಗ್ರಿಮೆಂಟ್ ಅನ್ನುತ್ತಾರೆ. ನಾವು ಹಾಕಿಸಿರಲಿಲ್ಲ. ಆ ಹುಡುಗ ಆರನೇ ಸೆಮಿಸ್ಟರಿನ ಪರೀಕ್ಷೆ ಜೊತೆಗೆ ಆ ಎರಡನ್ನೂ ಬರೆದ. ಅವನ ತಾಯಿ ನನ್ನ ಟೇಬಲ್ಲಿನ ಎದುರು ಏನೂ ಮಾತಾಡದೆ ಕೂತಿದ್ದು ಇವತ್ತಿಗೂ ಮರೆತಿಲ್ಲ. ಅಂದಿನಿಂದ ಆ ಸಹಿ ಇಲ್ಲದೆ ಒಂದು ಮಗುವನ್ನೂ ನಾನು ವಿಮಾನ ಹತ್ತಿಸಲಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ನಾನಾದರೆ ಸೀಟು ತೆಗೆದುಕೊಳ್ಳುತ್ತೇನೆ, ಸೈಟು ಮುಟ್ಟುವುದಿಲ್ಲ. ಮೊದಲ ಎರಡು ವರ್ಷ ಚೆನ್ನಾಗಿ ಓದಲಿ. ಶುಲ್ಕವಿಲ್ಲದ ವಿನಿಮಯವೋ, ವಿದ್ಯಾರ್ಥಿವೇತನವೋ ಸಿಕ್ಕರೆ ಹೋಗಲಿ. ಸಿಗದಿದ್ದರೆ ಡಿಗ್ರಿಗೆ ಯಾವ ಕುಂದೂ ಇಲ್ಲ. ಸಾಲ ಮಾಡಿ ಒಂದು ಸೆಮಿಸ್ಟರಿಗೆ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಹೋದ ಮಕ್ಕಳ ಧೈರ್ಯ ಹೆಚ್ಚಾಗುತ್ತದೆ ನಿಜ, ಆದರೆ ಕೆಲಸ ಕೊಡುವವರು ಆ ನಾಲ್ಕು ತಿಂಗಳಿಗೆ ಜಾಸ್ತಿ ಸಂಬಳ ಕೊಟ್ಟಿದ್ದನ್ನು ನಾನು ನೋಡಿಲ್ಲ. ಸಾಲ ಮಾಡಲೇಬೇಕಾದರೆ ಮುಂದೆ ಎಂ.ಎ.ಗೆ ಮಾಡಿ, ಆಗ ಕೈಗೆ ಪೂರ್ತಿ ಡಿಗ್ರಿ ಬರುತ್ತದೆ. ಇನ್ನೊಂದು ದಾರಿ, ಸರ್ಕಾರಿ ಕಾಲೇಜಿನಲ್ಲಿ ಕಡಿಮೆ ಫೀಸಿಗೆ ಓದಿಸಿ ಉಳಿದ ದುಡ್ಡನ್ನು ಮುಂದಿನ ಓದಿಗೆ ಇಡುವುದು. ಅದು ಕೀಳು ದಾರಿ ಅಲ್ಲ. ಆದರೆ ಅಲ್ಲಿ ಅವಳು ತನ್ನ ಅವಕಾಶಗಳನ್ನು ತಾನೇ ಹುಡುಕಿಕೊಳ್ಳಬೇಕಾಗುತ್ತದೆ. ಕಥೋಲಿಕ ಸಂಸ್ಥೆಯ ಕಷ್ಟಗಳೂ ನಿಮಗೆ ಗೊತ್ತಿರಲಿ. ಹಾಜರಾತಿ ಬಿಗಿ, ಶಿಸ್ತು ಬಿಗಿ, ಅಸೈನ್‌ಮೆಂಟುಗಳಿಗೆ ಕೊನೆಯೇ ಇಲ್ಲ. ಕಾಮಾಕ್ಷಿಪಾಳ್ಯದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿಗೆ ಇದು ನಿಜವಾದ ಭಾರ.

ಕೊನೆಯದಾಗಿ, ನಿಮ್ಮಂಥ ಮನೆಯ ಮಗು ಹೊಂದಿಕೊಳ್ಳುತ್ತಾ ಅಂದಿರಿ. ಮೊದಲ ಸೆಮಿಸ್ಟರ್ ಇಂಗ್ಲಿಷಿನಿಂದಾಗಿ ಕಷ್ಟವಾಗುತ್ತದೆ. ಕ್ಲಾಸಿನಲ್ಲಿ ಬಾಯಿ ಬಿಡದೆ ಕೂರುತ್ತಾಳೆ, ಮನೆಗೆ ಬಂದು ಅಳಲೂಬಹುದು. ಇಂಗ್ಲಿಷ್ ಸುಧಾರಿಸುವ ಬ್ರಿಜ್ ಕೋರ್ಸ್ ಇದೆಯಾ, ಅವಳಿಗೆ ಮಾರ್ಗದರ್ಶಿಯಾಗುವ ಮೆಂಟರ್ ಯಾರು ಅಂತ ಮೊದಲ ವಾರವೇ ವಿಚಾರಿಸಿ. ಎರಡನೇ ಭಾಷೆಯಾಗಿ ಕನ್ನಡವನ್ನೇ ತೆಗೆದುಕೊಳ್ಳಲಿ. ವಾರದಲ್ಲಿ ನಾಲ್ಕು ಗಂಟೆಯಾದರೂ ತಾನು ಗಟ್ಟಿಯಾಗಿ ನಿಲ್ಲುವ ಕ್ಲಾಸು ಅವಳಿಗೆ ಬೇಕು.

ಕನ್ನಡಕ್ಕೆ ಅಲ್ಲಿ ಜಾಗ ಇಲ್ಲ ಅಂತ ಭಾವಿಸಬೇಡಿ. ಕ್ರೈಸ್ಟ್ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಚಿ. ಶ್ರೀನಿವಾಸರಾಜು ಅವರು 70ರ ದಶಕದಲ್ಲಿ ಕನ್ನಡ ಸಂಘವನ್ನು ಬೆಳೆಸಿದರು. ಬೇಂದ್ರೆಯವರ ಹೆಸರಿನಲ್ಲಿ ಅಂತರ ಕಾಲೇಜು ಕವನ ಸ್ಪರ್ಧೆ ನಡೆಸಿದರು. ಇನ್ನೂ ಮೀಸೆ ಚಿಗುರದ ಹುಡುಗರ ಪದ್ಯಗಳನ್ನು ಸೇರಿಸಿ ಪುಸ್ತಕ ಮಾಡಿದರು. ಮುಂದೆ ಹೆಸರಾದ ಎಷ್ಟೋ ಲೇಖಕರ ಮೊದಲ ಪುಸ್ತಕಕ್ಕೆ ಆ ಸಂಘದ ಮುದ್ರೆ ಇದೆ. ಕಥೋಲಿಕ ಸನ್ಯಾಸಿಗಳು ನಡೆಸುವ, ಕಾರಿಡಾರಿನಲ್ಲಿ ಇಂಗ್ಲಿಷೇ ಕೇಳಿಸುವ ಕಾಲೇಜಿನಲ್ಲಿ ಇದೆಲ್ಲ ನಡೆಯಿತು. ಬೈಂಡಿಂಗ್ ಅಂಗಡಿಯವರು ನೀವು, ಅಂಥದ್ದೊಂದು ಹಳೆ ಪ್ರತಿ ರಿಪೇರಿಗೆ ನಿಮ್ಮ ಕೈಗೂ ಬಂದಿರಬಹುದು.

ಫೀಸು ಕಟ್ಟುವ ಕೊನೆ ದಿನ ಹತ್ತಿರವಿದ್ದರೆ ಮೊದಲ ಕಂತು ಮಾತ್ರ ಕಟ್ಟಿ, ರಸೀದಿ ಜೋಪಾನವಾಗಿಡಿ. ಸೀಟು ಬಿಟ್ಟರೆ ಹಣ ವಾಪಸ್ ಕೊಡಬೇಕಾದ ದಿನಾಂಕಗಳನ್ನು ಯುಜಿಸಿ ಹೇಳಿರುತ್ತದೆ, ಈ ವರ್ಷದ್ದನ್ನು ನೋಡಿಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ, ಅಲ್ಲೇ ಬಿಟ್ಟು ಬರಬೇಡಿ. ವಿದೇಶಿ ವಿಭಾಗದ ಕಚೇರಿಗೆ ಹೋಗುವ ದಿನ ಮಗಳನ್ನೂ ಕರೆದುಕೊಂಡು ಹೋಗಿ. ಮೇಲಿನ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅವಳೇ ಕೇಳಲಿ.